ಒಬ್ಬಳಿಗೆ ಏನು ಮುದ್ದೆ ತಿರುವೋದು?

(ದಾವಣಗೆರೆಯ ಬಡಾವಣೆಯೊಂದರ ಮಹಿಳಾ ಸಂಘದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಆಹಾರ ತಜ್ಞೆ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅಂತ ಜನರಿಗೆ ಹೇಳೋದೇ ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ಶುಗರ್ ಇದ್ದವರು ಬರುತ್ತಾರೆ, ಬಿಪಿ ಇದ್ದವರು ಬರುತ್ತಾರೆ, ಮಗಳ ಮದುವೆ ಹೊತ್ತಿಗೆ ತೂಕ ಇಳಿಸಬೇಕು ಅನ್ನುವವರೂ ಬರುತ್ತಾರೆ. "ಮನಸ್ಸಿಗೆ ಸರಿ ಇಲ್ಲ, ಏನು ತಿನ್ನಲಿ?" ಅಂತ ಕೇಳಿಕೊಂಡು ಬಂದವರು ಬೆರಳೆಣಿಕೆಯಷ್ಟು ಜನ. ಆ ಪ್ರಶ್ನೆ ನನ್ನ ಮನಸ್ಸಿಗೆ ನಿಜವಾಗಿ ತಟ್ಟಿದ್ದು ನಮ್ಮಮ್ಮನಿಂದ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮೂರು ಹೊಸದುರ್ಗದ ಹತ್ತಿರ ಒಂದು ಹಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಳೇ ಉಳಿದಳು. ದಾವಣಗೆರೆಗೆ ಬಾ ಅಂದ್ರೆ ಒಪ್ಪಲಿಲ್ಲ. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. "ಊಟ ಆಯ್ತೇನಮ್ಮಾ?" "ಆಯ್ತು ಕಣೇ." "ಏನ್ ಮಾಡಿದ್ದೆ?" "ಏನೋ ಒಂದು ಮಾಡಿದ್ದೆ." ನಾಲ್ಕು ತಿಂಗಳು ಈ ಮಾತನ್ನೇ ನಂಬಿಕೊಂಡು ಫೋನ್ ಇಟ್ಟೆ.

ಯುಗಾದಿಗೆ ಊರಿಗೆ ಹೋದೆ. ಹಿಟ್ಟಿನ ಡಬ್ಬಿ ತೆಗೆದರೆ ರಾಗಿ ಹಿಟ್ಟು ಬಲೆ ಕಟ್ಟಿತ್ತು. ಮುದ್ದೆ ಕೋಲು ಗೋಡೆಗೆ ಒರಗಿ ನಿಂತಿತ್ತು, ಮುಟ್ಟಿದರೆ ಕೈಗೆ ಧೂಳು. ಗ್ಯಾಸ್ ಒಲೆಯ ಒಂದು ಕಡೆ ಟೀ ಉಕ್ಕಿ ಕಪ್ಪುಗಟ್ಟಿತ್ತು, ಇನ್ನೊಂದು ಕಡೆ ಹಳೇ ಪೇಪರ್ ಮಡಚಿ ಇಟ್ಟಿದ್ದಳು. ಗೂಡಿನಲ್ಲಿ ಒಂದು ಚೀಲ ಮಂಡಕ್ಕಿ, ಅರ್ಧ ಪ್ಯಾಕೆಟ್ ಬನ್ನು, ಟೀ ಪುಡಿ, ಸಕ್ಕರೆ. ಅಷ್ಟೇ. "ಇದೇನಮ್ಮಾ?" ಅಂದೆ. "ಒಬ್ಳಿಗೆ ಏನ್ ಮುದ್ದೆ ತಿರುವೋದು ಬಿಡೇ" ಅಂದಳು.

ಈ ಮಾತನ್ನು ನೀವೂ ಎಲ್ಲೋ ಕೇಳಿರುತ್ತೀರಿ. ನಿಮ್ಮಲ್ಲಿ ಕೆಲವರು ಹೇಳಿಯೂ ಇರುತ್ತೀರಿ. ಕೇಳಿದವರಿಗೆ ಸೋಮಾರಿತನ ಅನ್ನಿಸಬಹುದು, ಇಲ್ಲಾ ವಯಸ್ಸಾಯ್ತು ಅನ್ನಿಸಬಹುದು. ನನಗೆ ಈಗ ಬೇರೆಯೇ ಕೇಳಿಸುತ್ತದೆ.

ನಮ್ಮ ಕಡೆ ಮನೆಯೊಳಗೆ ಯಾರೂ "ಖಿನ್ನತೆ" ಅನ್ನೋ ಪದ ಬಳಸಲ್ಲ. ಸುಸ್ತು ಅಂತಾರೆ. ಬಾಯಿ ರುಚಿ ಇಲ್ಲ ಅಂತಾರೆ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ, ಆಮೇಲೆ ನಿದ್ದೆ ಇಲ್ಲ ಅಂತಾರೆ. "ಜೀವ ಬ್ಯಾಸರ ಆಗೇತಿ" ಅಂತಾರೆ. ಎರಡು ದಿನದ ಬೇಜಾರು ಎಲ್ಲರಿಗೂ ಬರುತ್ತೆ, ಹೋಗುತ್ತೆ. ಎರಡು ವಾರಕ್ಕಿಂತ ಜಾಸ್ತಿ, ದಿನದ ಬಹುಪಾಲು ಹೊತ್ತು ಮಂಕು ಕವಿದ ಹಾಗೆ ಇದ್ದು, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡ ಅನಿಸಿದರೆ ಅದನ್ನು ಕಾಯಿಲೆ ಅಂತಲೇ ನೋಡಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮಾಡಿದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನವರು. ಅದರ ಪ್ರಕಾರ ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಸುಮಾರು 20 ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಯಾವಾಗಲಾದರೂ ಖಿನ್ನತೆ ಕಾಡುತ್ತದೆ. ಈ ಹಾಲ್‌ನಲ್ಲಿ ಅರವತ್ತು ಜನ ಇದ್ದೀರಿ. ಲೆಕ್ಕ ನೀವೇ ಹಾಕಿ.

ಅಮ್ಮನನ್ನು ಮೊದಲು ತೋರಿಸಿದ ಕಡೆ, "ಯಜಮಾನ್ರು ಹೋದ ದುಃಖ, ಸರಿ ಹೋಗುತ್ತೆ" ಅಂತ ಟಾನಿಕ್ ಬರೆದುಕೊಟ್ಟರು. ಒಂದು ತಿಂಗಳು ಕುಡಿದಳು. ಆಮೇಲೆ ಅಂಗಾಲು ಜುಮ್ ಅನ್ನುತ್ತೆ, ಚಪ್ಪಲಿ ಜಾರಿದ್ದೂ ಗೊತ್ತಾಗಲ್ಲ ಅನ್ನತೊಡಗಿದಳು. ಆಗ ರಕ್ತ ಪರೀಕ್ಷೆ ಮಾಡಿಸಿದೆ. ಬಿ12 ವಿಟಮಿನ್ 118 ಇತ್ತು. 200ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ಹಿಮೋಗ್ಲೋಬಿನ್ 9 ಚಿಲ್ಲರೆ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ. ಇವತ್ತು ಮನೆಗೆ ಹೋಗಿ ನೀವು ಮಾಡಬಹುದಾದ ಕೆಲಸ ಇದರಲ್ಲೇ ಇದೆ.

ಬಿ12 ಕಡಿಮೆಯಾದರೆ ನರಗಳು ಸೊರಗುತ್ತವೆ. ಸುಸ್ತು, ಮರೆವು, ಸಿಡಿಮಿಡಿ, ಮಂಕು. ನೋಡಿದರೆ ಖಿನ್ನತೆಯ ಹಾಗೇ ಕಾಣುತ್ತೆ. ಇರುವ ಖಿನ್ನತೆಯನ್ನು ಜಾಸ್ತಿಯೂ ಮಾಡುತ್ತೆ. ಈ ವಿಟಮಿನ್ ರಾಗಿಯಲ್ಲಿ ಇಲ್ಲ, ಜೋಳದಲ್ಲಿ ಇಲ್ಲ, ಸೊಪ್ಪಿನಲ್ಲೂ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಸಿಗುತ್ತೆ. ನಮ್ಮ ಮನೆಯಂಥ ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರೇ ಗತಿ. ಆದರೆ ಹೆಚ್ಚಿನ ಮನೆಗಳಲ್ಲಿ ಹಾಲು ಮಕ್ಕಳಿಗೆ, ಮೊಸರು ಗಂಡಸರಿಗೆ, ಉಳಿದ ಒಂದು ಸೌಟು ನೀರು ಮಜ್ಜಿಗೆ ಅಮ್ಮನಿಗೆ. ಸುಳ್ಳಾ? ಇನ್ನು ಬೆಣ್ಣೆ ದೋಸೆ ಊರಿನವರು ನಾವು. ಬೆಣ್ಣೆ ಹಾಲಿನಿಂದಲೇ ಬಂದದ್ದಾದರೂ ಅದರಲ್ಲಿ ಬಿ12 ಇಲ್ಲ ಅನ್ನುವಷ್ಟು ಕಡಿಮೆ. ಅದು ಮಜ್ಜಿಗೆಯಲ್ಲೇ ಉಳಿದುಬಿಡುತ್ತೆ.

ಇನ್ನೊಂದು ವಿಷಯ. ಅಮ್ಮ ಹನ್ನೊಂದು ವರ್ಷದಿಂದ ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ಳುತ್ತಿದ್ದಳು. ಒಳ್ಳೆಯ ಮಾತ್ರೆಯೇ, ಬಿಡಬೇಡಿ. ಆದರೆ ವರ್ಷಾನುಗಟ್ಟಲೆ ತಗೊಂಡರೆ ಬಿ12 ದೇಹಕ್ಕೆ ಸರಿಯಾಗಿ ಹತ್ತಲ್ಲ. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ಬೆಳಿಗ್ಗೆ ನುಂಗುವ ಕೆಲವು ಮಾತ್ರೆಗಳೂ ಹಾಗೇ ಮಾಡುತ್ತವೆ. ನಾನು ಇದೇ ಕೆಲಸದಲ್ಲಿದ್ದೂ ನನ್ನ ತಾಯಿಗೆ ಈ ಪರೀಕ್ಷೆ ಮಾಡಿಸಿರಲಿಲ್ಲ. ಆ ನೋವು ನನಗೆ ಈಗಲೂ ಇದೆ. ನಿಮ್ಮ ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಬಿ12 ನೋಡಬೇಕಾ ಸಾರ್?" ಅಂತ ಒಂದು ಮಾತು ಕೇಳಿ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್. ಥೈರಾಯ್ಡ್ ಕಡಿಮೆಯಾದರೂ ಮನಸ್ಸು ಹೀಗೇ ಜಡವಾಗುತ್ತೆ.

ಅಮ್ಮನಿಗೆ ಬಿ12 ಇಂಜೆಕ್ಷನ್ ಕೊಡಿಸಿದೆವು, ಕಬ್ಬಿಣದ ಮಾತ್ರೆ ಶುರುವಾಯಿತು. ಮನೋವೈದ್ಯರಿಗೂ ತೋರಿಸಿದೆವು. ಖಿನ್ನತೆಯೂ ಇದೆ ಅಂದರು, ಅದಕ್ಕೂ ಮಾತ್ರೆ ಕೊಟ್ಟರು. ಊಟವನ್ನೂ ಸರಿ ಮಾಡಿದೆವು. ಈ ನಾಲ್ಕರಲ್ಲಿ ಯಾವುದರಿಂದ ಹುಷಾರಾದಳು ಅಂತ ಕೇಳಿದರೆ ಬೇರೆ ಬೇರೆ ಮಾಡಿ ಹೇಳಲು ನನ್ನಿಂದ ಆಗಲ್ಲ. ಎಲ್ಲವೂ ಸೇರಿ ಆಯಿತು.

ಈಗ ಬಾಳೆಹಣ್ಣಿನ ಮಾತು. "ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇದೆ, ದಿನಾ ಎರಡು ತಿಂದರೆ ಖಿನ್ನತೆ ಮಾಯ" ಅಂತ ವಾಟ್ಸಾಪ್‌ನಲ್ಲಿ ಬಂದಿರುತ್ತೆ ಅಲ್ವಾ? ಮನಸ್ಸನ್ನು ಹದವಾಗಿಡುವುದರಲ್ಲಿ ಸೆರೊಟೋನಿನ್‌ಗೆ ಪಾಲಿದೆ, ಅದು ನಿಜ. ಬಾಳೆಹಣ್ಣಿನಲ್ಲಿ ಅದು ಇರುವುದೂ ನಿಜ. ಆದರೆ ಹೊಟ್ಟೆಗೆ ಹೋದ ಸೆರೊಟೋನಿನ್ ಮಿದುಳಿಗೆ ಹೋಗಲ್ಲ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬೇಲಿ ಇದೆ, ಅದು ಒಳಗೆ ಬಿಡಲ್ಲ. ನಮ್ಮ ದೇಹದ ಸೆರೊಟೋನಿನ್‌ನಲ್ಲಿ ಸುಮಾರು ಶೇ. 90ರಷ್ಟು ಕರುಳಿನಲ್ಲೇ ತಯಾರಾಗುತ್ತೆ. ಅದೂ ಆ ಬೇಲಿ ದಾಟಲ್ಲ. ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಮೂಲ ಸಾಮಾನು ಟ್ರಿಪ್ಟೊಫಾನ್. ಪ್ರೋಟೀನ್ ಇರುವ ಎಲ್ಲದರಲ್ಲೂ ಅದು ಇದೆ. ಶೇಂಗಾ, ಎಳ್ಳು, ಬೇಳೆ, ಕಾಳು, ಹಾಲು, ಮೊಟ್ಟೆ. ಸಾಮಾನು ಇದ್ದರೆ ಸಾಲದು, ಕೆಲಸಗಾರರೂ ಬೇಕು. ಕಬ್ಬಿಣ, ಬಿ6, ಫೋಲೇಟ್ ಆ ಕೆಲಸಕ್ಕೆ ಬೇಕೇ ಬೇಕು. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಇಷ್ಟು ಜನ ಹೆಂಗಸರು "ಯಾಕೋ ಕೈಲಾಗಲ್ಲ" ಅನ್ನುವುದರಲ್ಲಿ ಆಶ್ಚರ್ಯ ಏನಿದೆ? ಬಾಳೆಹಣ್ಣು ತಿನ್ನಿ, ಒಳ್ಳೆಯದು. ಅದೇ ಔಷಧಿ ಅಂತ ಮಾತ್ರ ನಂಬಬೇಡಿ.

ಹಾಗಾದರೆ ಊಟದಿಂದ ಖಿನ್ನತೆ ಕಡಿಮೆಯಾಗುತ್ತೆ ಅನ್ನೋದಕ್ಕೆ ಆಧಾರ ಇದೆಯಾ? ಇದೆ. 2017ರಲ್ಲಿ ಆಸ್ಟ್ರೇಲಿಯಾದ ಫೆಲಿಸ್ ಜಾಕಾ ಮತ್ತು ಅವರ ತಂಡದವರು ಒಂದು ಅಧ್ಯಯನ ಪ್ರಕಟಿಸಿದರು. ಖಿನ್ನತೆ ಇದ್ದ, ಊಟ ಸರಿ ಇಲ್ಲದ 67 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆಹಾರ ತಜ್ಞರು ಮೂರು ತಿಂಗಳಲ್ಲಿ ಏಳು ಸಲ ಕೂತು ಊಟ ಬದಲಿಸಲು ನೆರವಾದರು. ಇನ್ನೊಂದು ಗುಂಪಿನವರ ಜೊತೆ ಅಷ್ಟೇ ಸಲ ಸುಮ್ನೆ ಕೂತು ಮಾತಾಡಿದರು. ಊಟ ಬದಲಿಸಿದವರಲ್ಲಿ ಶೇ. 32ರಷ್ಟು ಜನ ಖಿನ್ನತೆಯಿಂದ ಹೊರಗೆ ಬಂದರು, ಮಾತಿನ ಗುಂಪಿನಲ್ಲಿ ಶೇ. 8. ಅಧ್ಯಯನ ಚಿಕ್ಕದು. ಬಹಳಷ್ಟು ಜನ ಮಾತ್ರೆಯನ್ನೋ ಬೇರೆ ಚಿಕಿತ್ಸೆಯನ್ನೋ ತಗೊಳ್ಳುತ್ತಲೇ ಇದ್ದರು. ಚಿಕಿತ್ಸೆ ಬಿಟ್ಟು ಊಟ ಹಿಡಿದವರ ಕತೆ ಅಲ್ಲ ಅದು. ಚಿಕಿತ್ಸೆಯ ಜೊತೆಗೆ ಊಟ ಸರಿ ಮಾಡಿಕೊಂಡವರ ಕತೆ.

ಅವರು ಕೊಟ್ಟ ಊಟ ಏನು ಗೊತ್ತಾ? ತರಕಾರಿ, ಹಣ್ಣು, ಪಾಲಿಶ್ ಮಾಡದ ಧಾನ್ಯ, ಕಾಳು, ಬೀಜಗಳು, ಮೀನು, ಆಲಿವ್ ಎಣ್ಣೆ, ಸಿಹಿ ಹಾಕದ ಹಾಲು ಮೊಸರು. ಕಡಿಮೆ ಮಾಡಿದ್ದು ಸಿಹಿ ತಿಂಡಿ, ಮೈದಾ, ಕರಿದದ್ದು, ಸಕ್ಕರೆ ಪಾನೀಯ. ಆ ಪಟ್ಟಿ ಓದಿದಾಗ ನನಗೆ ನಮ್ಮಜ್ಜಿಯ ಅಡುಗೆಮನೆ ನೆನಪಾಯಿತು. ಆಲಿವ್ ಎಣ್ಣೆ ಇರಲಿಲ್ಲ, ಚಳ್ಳಕೆರೆಯ ಶೇಂಗಾ ಎಣ್ಣೆ ಇತ್ತು. ಸಾವೆ ಅನ್ನ, ನವಣೆ ಅನ್ನ, ರಾಗಿ ಮುದ್ದೆ, ಹುರುಳಿ ಸಾರು. ಹೊಲದ ಬದುವಿನಲ್ಲಿ ಬೆಳೆದ ಅಣ್ಣೆ ಸೊಪ್ಪು, ಕಿರಕಸಾಲೆ ಎಲ್ಲ ಕಿತ್ತು ತಂದು ಮಾಡುವ ಬೆರಕೆ ಸೊಪ್ಪಿನ ಬಸ್ಸಾರು. ಸೊಪ್ಪಿನಲ್ಲಿರುವ ಫೋಲೇಟ್ ನೀರಿನಲ್ಲಿ ಕರಗುವ ವಿಟಮಿನ್. ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದೂ ಹೋಗುತ್ತೆ. ಬಸ್ಸಾರಿನಲ್ಲಿ ಬಸಿದ ಕಟ್ಟೇ ಸಾರಾಗುತ್ತೆ, ನೀರಿಗೆ ಇಳಿದದ್ದು ಚೆಲ್ಲಿ ಹೋಗಲ್ಲ. ಇದನ್ನು ಯಾವ ಕಾಲೇಜಿನಲ್ಲೂ ಕಲಿಯದ ಹೆಂಗಸರು ಕಂಡುಕೊಂಡಿದ್ದರು. ನನಗೆ ಅದರ ಬಗ್ಗೆ ತುಂಬಾ ಹೆಮ್ಮೆ.

ದಾವಣಗೆರೆ ಕಡೆಯ ರೊಟ್ಟಿ ಊಟವೂ ಕಡಿಮೆ ಇಲ್ಲ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಸರು, ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಅಗಸೆ ಚಟ್ನಿಪುಡಿ. ನಮ್ಮೂರ ಕಡೆ ಗುರೆಳ್ಳಿಗೆ ಹುಚ್ಚೆಳ್ಳು ಅಂತೀವಿ, ಎರಡೂ ಒಂದೇ. ಮಿದುಳಿಗೆ ಒಳ್ಳೆಯದು ಅನ್ನುವ ಒಮೇಗಾ 3 ಕೊಬ್ಬು ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆಯಲ್ಲಿ ಚೆನ್ನಾಗಿ ಸಿಗುತ್ತೆ. ತಿನ್ನದವರಿಗೆ ಅಗಸೆಯಲ್ಲಿ ಅದರ ಇನ್ನೊಂದು ರೂಪ ಇದೆ. ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಮಿದುಳಿಗೆ ಬೇಕಾದ ರೂಪಕ್ಕೆ ತಂದುಕೊಳ್ಳುತ್ತೆ, ಆದರೂ ಬಿಡಬಾರದು. ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ. ಹುರಿದು ಪುಡಿ ಮಾಡಿದರೇ ಮೈಗೆ ಹತ್ತೋದು. ಚಟ್ನಿಪುಡಿ ಮಾಡುವುದು ಹಾಗೇ ತಾನೇ?

ಕರುಳಿನ ಮಾತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಕಾಳು, ಸೊಪ್ಪು, ಸಿರಿಧಾನ್ಯದ ನಾರೇ ಅವುಗಳ ಊಟ. ಕರುಳಿಗೂ ಮಿದುಳಿಗೂ ವೇಗಸ್ ಅನ್ನುವ ಉದ್ದನೆಯ ನರದ ಮೂಲಕ ಮಾತುಕತೆ ನಡೆಯುತ್ತಲೇ ಇರುತ್ತೆ. ಪರೀಕ್ಷೆ ದಿನ ಹೊಟ್ಟೆ ಕೆಡೋದು ಅದಕ್ಕೇ. ಮೊಸರು, ಮಜ್ಜಿಗೆ, ಹುಳಿ ಅಂಬಲಿ ಆ ಜೀವಿಗಳಿಗೆ ಒಳ್ಳೆಯದು. ಯಾವ ಸೂಕ್ಷ್ಮಜೀವಿ ಯಾವ ಮನಸ್ಥಿತಿಗೆ ಅನ್ನುವ ಸಂಶೋಧನೆ ಇನ್ನೂ ನಡೆಯುತ್ತಿದೆ. ಅದರ ಹೆಸರಲ್ಲಿ ಮಾರುವ ದುಬಾರಿ ಪುಡಿಗಳಿಗೆ ದುಡ್ಡು ಸುರಿಯಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನನಗೆ ಮುಖ್ಯ ಅನ್ನಿಸುವ ಮಾತಿಗೆ ಬರುತ್ತೇನೆ. ಖಿನ್ನತೆ ಬಂದವರಿಗೆ ಬಸ್ಸಾರು ಮಾಡಿಕೊಂಡು ತಿನ್ನಿ ಅಂದರೆ ಆಗುತ್ತಾ? ಕಾಯಿಲೆ ಮೊದಲು ಕಸಿದುಕೊಳ್ಳೋದೇ ಆ ಶಕ್ತಿಯನ್ನು. ಸೊಪ್ಪು ಸೋಸಲು ಕೂರಬೇಕು, ಕಾಳು ನೆನೆ ಹಾಕಲು ಹಿಂದಿನ ರಾತ್ರಿಯೇ ನೆನಪಿರಬೇಕು, ಮುದ್ದೆ ತಿರುವಲು ರಟ್ಟೆಯಲ್ಲಿ ಬಲ ಬೇಕು. ಮನಸ್ಸು ಕುಸಿದವರಿಗೆ ಹಾಸಿಗೆಯಿಂದ ಏಳುವುದೇ ಬೆಟ್ಟ ಹತ್ತಿದ ಹಾಗೆ. ಅವರಿಗೆ ಆಹಾರದ ಪಟ್ಟಿ ಕೊಟ್ಟರೆ, ಪಾಲಿಸಲು ಆಗಲಿಲ್ಲ ಅನ್ನುವ ಇನ್ನೊಂದು ಕೊರಗು ಕೊಟ್ಟ ಹಾಗೆ. ಅಮ್ಮನಿಗೆ ನಾನು ಮೊದಲು ಮಾಡಿದ್ದು ಅದನ್ನೇ. ಒಂದು ಹಾಳೆಯಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಬರೆದು ಗೋಡೆಗೆ ಅಂಟಿಸಿ ಬಂದೆ. ಹದಿನೈದು ದಿನ ಬಿಟ್ಟು ಹೋದಾಗ ಹಾಳೆ ಗೋಡೆಯಲ್ಲೇ ಇತ್ತು, ಮಂಡಕ್ಕಿ ಚೀಲ ಹೊಸದು ಬಂದಿತ್ತು.

ಆಮೇಲೆ ಆ ಮಂಡಕ್ಕಿಯಿಂದಲೇ ಶುರು ಮಾಡಿದೆ. ಮಂಡಕ್ಕಿಯನ್ನು ಬೈಯಲು ನನಗೆ ಇಷ್ಟ ಇಲ್ಲ. ಭಟ್ಟಿಯಿಂದ ಬಿಸಿಬಿಸಿ ಬಂದ ಮಂಡಕ್ಕಿಯ ಊರಿದು. ಆದರೆ ಅದು ಹುರಿದು ಉಬ್ಬಿದ ಅಕ್ಕಿ, ಒಂದು ದೊಡ್ಡ ಬಟ್ಟಲು ತಿಂದರೂ ಹೊಟ್ಟೆಗೆ ಸೇರುವುದು ಒಂದು ಹಿಡಿ. ಅದರ ಮೇಲೆ ಸಕ್ಕರೆ ಟೀ. ಸ್ವಲ್ಪ ಹೊತ್ತಿಗೆ ಮತ್ತೆ ಸುಸ್ತು, ಮತ್ತೆ ಟೀ. ಅಮ್ಮನ ಇಡೀ ದಿನ ಹೀಗೇ ಸುತ್ತುತ್ತಿತ್ತು. ನಾನು ಮಂಡಕ್ಕಿ ಪಕ್ಕ ಹುರಿದ ಶೇಂಗಾ ಡಬ್ಬಿ, ಪುಟಾಣಿ ಡಬ್ಬಿ ಇಟ್ಟೆ. "ಮಂಡಕ್ಕಿ ತಿನ್ನಮ್ಮ, ಒಂದು ಹಿಡಿ ಶೇಂಗಾ, ಒಂದು ಹಿಡಿ ಪುಟಾಣಿ ಹಾಕ್ಕೋ" ಅಂದೆ. ಒಲೆ ಬೇಡ, ಚಾಕು ಬೇಡ. ಹಾಲಿನವನಿಗೆ ಹೇಳಿ ದಿನಾ ಮೊಸರು ತರಿಸಿದೆ. ಚಟ್ನಿಪುಡಿ ನಾನೇ ಮಾಡಿ ಒಯ್ದೆ. ಟೀ ಬಿಡಿಸಲಿಲ್ಲ. ಊಟ, ಕಬ್ಬಿಣದ ಮಾತ್ರೆ ಆದ ಮೇಲೆ ಒಂದು ಗಂಟೆ ಬಿಟ್ಟು ಕುಡಿ ಅಂದೆ, ಅಷ್ಟೇ. ಜೊತೆಯಲ್ಲೇ ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ. ಸೊಪ್ಪಿಗೆ, ಕಾಳಿಗೆ ನಿಂಬೆಹಣ್ಣು ಹಿಂಡಿದರೆ ಜಾಸ್ತಿ ಹತ್ತುತ್ತೆ.

ಈಗ ನಿಮ್ಮ ಪ್ರಶ್ನೆಗಳು.

ಒಬ್ಬರು ಕೇಳಿದ್ದಾರೆ: "ಮೇಡಂ, ಊಟ ಸರಿ ಮಾಡ್ಕೊಂಡ್ರೆ ಮಾತ್ರೆ ನಿಲ್ಲಿಸಬಹುದಾ?" ನಿಲ್ಲಿಸಬೇಡಿ ಅಕ್ಕಾ. ಖಿನ್ನತೆಯ ಮಾತ್ರೆಯನ್ನು ದಿಢೀರ್ ಅಂತ ಬಿಟ್ಟರೆ ತಲೆ ಸುತ್ತು, ತಳಮಳ, ನಿದ್ದೆಗೇಡು ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಯಾವಾಗ, ಹೇಗೆ ಕಡಿಮೆ ಮಾಡಬೇಕು ಅಂತ ಡಾಕ್ಟರೇ ಹೇಳಬೇಕು.

ಪಿಜಿಯಲ್ಲಿರುವ ಹುಡುಗಿ ಕೇಳುತ್ತಿದ್ದಾಳೆ, ಅಲ್ಲಿ ಅಡುಗೆಯೇ ಮಾಡುವ ಹಾಗಿಲ್ಲವಂತೆ. ನಿನಗೂ ಅಮ್ಮನ ಡಬ್ಬಿಗಳೇ ಮಗಳೇ: ಶೇಂಗಾ, ಪುಟಾಣಿ, ಚಟ್ನಿಪುಡಿ, ಮೊಸರು, ಹಣ್ಣು. ಬೆಳಿಗ್ಗೆ ತಿಂಡಿ ಬಿಡಬೇಡ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಸಂಜೆ ಕುಡಿದ ಕಾಫಿಯಲ್ಲಿ ಅರ್ಧದಷ್ಟು ಐದಾರು ಗಂಟೆ ಆದರೂ ಮೈಯಲ್ಲೇ ಇರುತ್ತೆ, ನಿದ್ದೆ ಕೆಡುತ್ತೆ. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತೆ.

"ನಮ್ಮೆಜಮಾನ್ರು ಬೇಜಾರಿಗೆ ಅಂತ ಕುಡೀತಾರೆ." ಕುಡಿತದಿಂದ ಆ ರಾತ್ರಿ ಬೇಜಾರು ಮರೆಯುತ್ತೆ, ಆದರೆ ಮದ್ಯ ಖಿನ್ನತೆಯನ್ನು ಬೆಳೆಸುವ ವಸ್ತು. ಹಸಿವು ಕೊಂದು ವಿಟಮಿನ್‌ಗಳನ್ನೂ ತಿಂದು ಹಾಕುತ್ತೆ. ಅವರನ್ನು ಬೈದು ಬಿಡಿಸಲು ಹೋಗಬೇಡಿ. ಚಿಕಿತ್ಸೆ ಇದೆ, ಕರೆದುಕೊಂಡು ಹೋಗಿ. ಯಾರಿಗೇ ಆಗಲಿ, ಬದುಕೇ ಬೇಡ ಅನ್ನುವ ಮಾತು ಬಾಯಲ್ಲಿ ಬಂದರೆ ಒಂಟಿಯಾಗಿ ಬಿಡಬೇಡಿ, ಊಟ ಸರಿ ಮಾಡೋಣ ಅಂತ ಕಾಯಲೂ ಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಮಾಡಿದರೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಫೋನ್‌ನಲ್ಲಿ ಸೇವ್ ಮಾಡಿಕೊಳ್ಳಿ, ನಾನು ಕಾಯುತ್ತೇನೆ.

ಕೊನೆಯ ಪ್ರಶ್ನೆ, ಹಿಂದಿನ ಸಾಲಿನಿಂದ. "ನಮ್ಮ ಪಕ್ಕದ ಮನೆಯಾಕೆ ಹೀಗೇ ಆಗಿದ್ದಾಳೆ. ಬಾಗಿಲೇ ತೆಗೆಯಲ್ಲ. ನಾವೇನು ಮಾಡೋಣ?"

ನಮ್ಮೂರಲ್ಲಿ ಅಮ್ಮನ ಎದುರು ಮನೆಯ ಅತ್ತೆ ಏನು ಮಾಡಿದರು ಅಂತ ಹೇಳುತ್ತೇನೆ. ಅವರಿಗೆ ಟ್ರಿಪ್ಟೊಫಾನ್ ಗೊತ್ತಿಲ್ಲ, ಬಿ12 ಗೊತ್ತಿಲ್ಲ. ಒಂದು ಸಂಜೆ ಸ್ಟೀಲ್ ಬಟ್ಟಲಲ್ಲಿ ಹುರುಳಿ ಸಾರು, ಮೇಲೆ ತಟ್ಟೆ ಮುಚ್ಚಿ ಒಂದು ಮುದ್ದೆ ಇಟ್ಟುಕೊಂಡು ಬಂದರು. "ಯಾಕೆ ಹೀಗಿದ್ದೀಯ, ಧೈರ್ಯ ತಗೋ" ಅಂತ ಏನೂ ಹೇಳಲಿಲ್ಲವಂತೆ. "ಇವತ್ತು ಸಾರು ಜಾಸ್ತಿ ಆಗೈತೆ ಕಣಕ್ಕಾ" ಅಂದರಂತೆ. ಕೂತು, ಅಮ್ಮ ನಾಲ್ಕು ತುತ್ತು ತಿನ್ನುವವರೆಗೆ ಮಳೆ ವಿಷಯ ಮಾತಾಡಿ ಹೋದರಂತೆ. ಮರುದಿನವೂ ಬಂದರು. ಅದರ ಮರುದಿನವೂ.

ಅಮ್ಮನ ಮನೆಯಲ್ಲಿ ಅವರ ಮೂರು ಬಟ್ಟಲು ಉಳಿದವು. ನಮ್ಮ ಕಡೆ ಬೇರೆಯವರ ಪಾತ್ರೆಯನ್ನು ಖಾಲಿ ವಾಪಸ್ ಕೊಡಲ್ಲ, ನಿಮಗೆ ಗೊತ್ತು. ಏನಾದರೂ ಹಾಕಿ ಕೊಡಬೇಕು, ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲ ಆದರೂ. ನಾಲ್ಕನೇ ದಿನ ಅಮ್ಮ ಒಲೆಯ ಇನ್ನೊಂದು ಕಡೆ ಇದ್ದ ಹಳೇ ಪೇಪರ್ ತೆಗೆದು, ಬಾಣಲೆ ಇಟ್ಟು, ಎರಡು ಹಿಡಿ ಶೇಂಗಾ ಹುರಿದು, ಸಿಪ್ಪೆ ಕೇರಿ, ಬೆಲ್ಲ ಸೇರಿಸಿ ಕುಟ್ಟಿ ಉಂಡೆ ಕಟ್ಟಿದಳಂತೆ. ಬಟ್ಟಲಿಗೆ ಎರಡರಂತೆ ಆರು ಉಂಡೆ. ಆಮೇಲೆ ಸೆರಗು ಸರಿ ಮಾಡಿಕೊಂಡು, ಮೂರು ಬಟ್ಟಲು ಒಂದರ ಮೇಲೊಂದು ಇಟ್ಟುಕೊಂಡು ರಸ್ತೆ ದಾಟಿದಳಂತೆ.

ಅವತ್ತು ಸಂಜೆ ನಾನು ಫೋನ್ ಮಾಡುವ ಮೊದಲೇ ಅವಳೇ ಮಾಡಿದಳು.